ಶೇಕಡಾ 80ರಲ್ಲೇ ಸರ್ವರ್ ಏದುಸಿರು ಬಿಡುವುದೇಕೆ?

ಶಿರಸಿಯಲ್ಲಿ ನಾನೂ ನನ್ನ ಗೆಳೆಯನೂ ಸೇರಿ ಅಡಿಕೆ ಧಾರಣೆಯ ಪುಟವೊಂದನ್ನು ನಡೆಸುತ್ತೇವೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟುಗಳ ಆ ದಿನದ ದರ, ಅಷ್ಟೇ. ದಿನವಿಡೀ ಅತ್ತ ಸುಳಿಯುವವರು ಕಡಿಮೆ. ಟೆಂಡರ್ ಮುಗಿದು ದರ ಹೊರಬಿದ್ದಿತೆಂದರೆ ಹತ್ತು ನಿಮಿಷ ಬೆಳೆಗಾರರೆಲ್ಲ ಒಟ್ಟಿಗೇ ಮುಗಿಬೀಳುತ್ತಾರೆ. ಕಳೆದ ವಾರ ಆ ಹತ್ತು ನಿಮಿಷದಲ್ಲೇ ಪುಟ ತೆರೆಯಲಿಲ್ಲ. ಸರ್ವರ್‌ಗಳನ್ನು ಯಾವಾಗ, ಹೇಗೆ ಹೆಚ್ಚಿಸಬೇಕು ಎಂದು ಓದಲು ಕುಳಿತವನು, ಅರ್ಥವಾದದ್ದು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಪುಟ ಕೇಳಿ ಬರುವ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಅಳವಡಿಸುವ ಕ್ರಮ ಎಲ್ಲ ಕಡೆಯೂ ಸಿಗುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಉಳಿದ 20 ಎಲ್ಲಿ ಹೋಯಿತು?

ನನ್ನನ್ನು ಎರಡು ದಿನ ಕಾಡಿದ ಪ್ರಶ್ನೆ ಇದು. ಸರ್ವರ್‌ನ ಸಿಪಿಯು ಶೇಕಡಾ 80ರಷ್ಟು ಮಾತ್ರ ಕೆಲಸದಲ್ಲಿದೆ ಎಂದು ಅದರ ಸ್ಥಿತಿ ತಿಳಿಸುವ ಫಲಕ ತೋರಿಸುತ್ತಿತ್ತು. ಇನ್ನೂ ಐದರಲ್ಲೊಂದು ಪಾಲು ಬಿಡುವಿದೆ. ಹಾಗಿದ್ದರೆ ಜನ ಕಾಯುವುದೇಕೆ?

ಮಾರಿಕಾಂಬಾ ಜಾತ್ರೆಯ ಹೊತ್ತಿನಲ್ಲಿ ಸೇವಾ ಚೀಟಿ ಕೊಡುವ ಒಂದು ಕಿಟಕಿಯನ್ನು ಕಲ್ಪಿಸಿಕೊಳ್ಳಿ. ಒಬ್ಬರಿಗೆ ಚೀಟಿ ಬರೆಯಲು ಸರಾಸರಿ ಒಂದು ನಿಮಿಷ. ಗಂಟೆಗೆ 48 ಜನ ಬರುತ್ತಾರೆ, ಅಂದರೆ ಕಿಟಕಿ ಶೇಕಡಾ 80ರಷ್ಟು ಹೊತ್ತು ಕೆಲಸದಲ್ಲಿರುತ್ತದೆ. ಆ 48 ಜನ ಗಡಿಯಾರ ನೋಡಿಕೊಂಡು 75 ಸೆಕೆಂಡಿಗೊಬ್ಬರಂತೆ ಬಂದು, ಎಲ್ಲರ ಕೆಲಸವೂ ಸರಿಯಾಗಿ ಒಂದೇ ನಿಮಿಷ ಹಿಡಿದರೆ ಯಾರೂ ಕಾಯಬೇಕಿಲ್ಲ. ಆದರೆ ಜನ ಹಾಗೆ ಬರುವುದಿಲ್ಲ. ಹುಬ್ಬಳ್ಳಿಯ ಬಸ್ಸಿನಿಂದ ಹನ್ನೆರಡು ಜನ ಒಟ್ಟಿಗೆ ಇಳಿಯುತ್ತಾರೆ, ಅದಕ್ಕೆ ಮುಂಚಿನ ಆರು ನಿಮಿಷ ಕಿಟಕಿಯ ಮುಂದೆ ಯಾರೂ ಇರುವುದಿಲ್ಲ. ಗುಮಾಸ್ತರು ಸುಮ್ಮನೆ ಕುಳಿತ ಆ ಆರು ನಿಮಿಷವನ್ನು ಎತ್ತಿಟ್ಟು, ಬಸ್ಸು ಬಂದ ಮೇಲೆ ಬಳಸಲು ಬರುವುದಿಲ್ಲ. ಫಲಕದಲ್ಲಿ ‘ಬಿಡುವು’ ಎಂದು ಕಾಣುವ 20 ಇದೇ: ಯಾರೂ ಇಲ್ಲದಾಗ ಕಳೆದುಹೋದ ಹೊತ್ತು. ಈ ಮಾತು ಹೊಳೆದ ಮೇಲೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಂಡಿತು.

ಜನ ಮನಬಂದಂತೆ ಬರುವ, ಪ್ರತಿಯೊಬ್ಬರ ಕೆಲಸದ ಹೊತ್ತೂ ಹೆಚ್ಚುಕಡಿಮೆಯಾಗುವ ಒಂಟಿ ಕಿಟಕಿಗೆ ಸರಳ ಸೂತ್ರವೊಂದಿದೆ: ಒಟ್ಟು ಸಮಯ = ಕೆಲಸದ ಸಮಯ ÷ (1 − ಬಳಕೆ). ಬಳಕೆ ಎಂದರೆ ಕಿಟಕಿ ಕೆಲಸದಲ್ಲಿರುವ ಹೊತ್ತಿನ ಪಾಲು, ಶೇಕಡಾ 80 ಎಂದರೆ 0.8. ಅದು 0.5 ಇದ್ದರೆ ಒಂದು ನಿಮಿಷದ ಕೆಲಸಕ್ಕೆ, ಕಾಯುವುದೂ ಸೇರಿ, 2 ನಿಮಿಷ. 0.8ಕ್ಕೆ 5, 0.9ಕ್ಕೆ 10, 0.95ಕ್ಕೆ 20. ಕೊನೆಯ ಎರಡನ್ನು ಮತ್ತೊಮ್ಮೆ ನೋಡಿ. ಬಳಕೆ ಏರಿದ್ದು ಬರೀ ಐದು, ಕಾಯುವವರ ಪಾಡು ಇಮ್ಮಡಿ. ಇದು ದಿಬ್ಬದ ಏರಲ್ಲ, ದೇವಿಮನೆ ಘಟ್ಟದ ಏರು.

ಇಲ್ಲಿ ಮತ್ತೆ ಎಡವಿದೆ. ಹಾಗಾದರೆ ಶೇಕಡಾ 80 ಎಲ್ಲರಿಗೂ ಅಪಾಯದ ಗೆರೆಯೇ? ಅಲ್ಲ. ಎಂಟು ಕಿಟಕಿಗಳಿಗೆ ಒಂದೇ ಸಾಲು ಇದ್ದು, ಯಾವುದು ಖಾಲಿಯಾದರೂ ಮುಂದಿನವರು ಅಲ್ಲಿಗೆ ಹೋಗುವಂತಿದ್ದರೆ, ಅದೇ 80ರಲ್ಲಿ ಒಂದು ನಿಮಿಷದ ಕೆಲಸಕ್ಕೆ ಹಿಡಿಯುವುದು ಸುಮಾರು 1.3 ನಿಮಿಷ. 95ಕ್ಕೆ ಹೋದರೂ ಸುಮಾರು 3. ಎಂಟು ಕಿಟಕಿಗೆ ಎಂಟು ಬೇರೆ ಬೇರೆ ಸಾಲು ಮಾಡಿ, ಬಂದವರನ್ನು ಕಣ್ಣುಮುಚ್ಚಿ ಹಂಚಿದರೆ ಪುನಃ ಐದೇ ನಿಮಿಷ. ಲೋಡ್ ಬ್ಯಾಲೆನ್ಸರ್‌ನಲ್ಲಿ ಎಲ್ಲ ಸರ್ವರ್‌ಗಳಿಗೂ ಸರದಿಯಂತೆ ಹಂಚುವ ಬದಲು, ಅತಿ ಕಡಿಮೆ ಕೋರಿಕೆಗಳಿರುವ ಸರ್ವರ್‌ಗೆ ಕಳಿಸುವ ಆಯ್ಕೆ ಏಕಿದೆ ಎಂಬುದು ನನಗೆ ಆಗ ತಿಳಿಯಿತು.

ನನ್ನ ನೆಚ್ಚಿನ ಲೆಕ್ಕ

ಸರದಿ ಸಾಲುಗಳ ಗಣಿತದಲ್ಲಿ ಹೆಸರಾದ ಅಮೆರಿಕದ ವಿದ್ವಾಂಸ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ: ಒಳಗಿರುವವರ ಸಂಖ್ಯೆ = ಬರುವ ವೇಗ × ಒಳಗಿರುವ ಸಮಯ. ಜನ ಹೇಗೆ ಬಂದರೂ, ದೀರ್ಘಾವಧಿಯ ಸರಾಸರಿಗೆ ಇದು ನಿಲ್ಲುತ್ತದೆ. ಸೆಕೆಂಡಿಗೆ 200 ಕೋರಿಕೆ, ಪ್ರತಿಯೊಂದಕ್ಕೂ 0.3 ಸೆಕೆಂಡ್ ಎಂದಾದರೆ ಯಾವುದೇ ಕ್ಷಣದಲ್ಲಿ 60 ಕೋರಿಕೆಗಳು ಒಳಗಿರುತ್ತವೆ. ದರಗಳನ್ನು ಕೂಡಿಟ್ಟ ಡೇಟಾಬೇಸ್ ನಿಧಾನವಾಗಿ ಅದೇ ಕೆಲಸಕ್ಕೆ 1.5 ಸೆಕೆಂಡ್ ಹಿಡಿದರೆ ಒಳಗಿರುವುದು 300. ಹೊಸದಾಗಿ ಒಬ್ಬರೂ ಬಂದಿಲ್ಲ, ಆದರೂ ಐದು ಪಟ್ಟು ಜಾಗ ಬೇಕಾಯಿತು. ‘ಜನ ಜಾಸ್ತಿಯಾದರು’ ಎಂದು ತೀರ್ಮಾನಿಸುವ ಮೊದಲು ಈ ಗುಣಾಕಾರದ ಯಾವ ಅಂಕಿ ಬೆಳೆದಿದೆ ಎಂದು ನೋಡಲೇಬೇಕು. ಎಣಿಕೆಯನ್ನು ಆ ಹತ್ತು ನಿಮಿಷದಲ್ಲೇ ಮಾಡಬೇಕು. ಸೆಕೆಂಡಿಗೆ 200ರಂತೆ ಹತ್ತು ನಿಮಿಷ ಬಂದ 1,20,000 ಕೋರಿಕೆಗಳನ್ನು ಇಡೀ ದಿನಕ್ಕೆ ಹರಡಿದರೆ ಸೆಕೆಂಡಿಗೆ ಒಂದೂವರೆಯೂ ಆಗುವುದಿಲ್ಲ.

ಸುಲಿಯುವವರು ಹೆಚ್ಚಾದರೂ ಹಂಡೆ ಒಂದೇ

ಅಡಿಕೆ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಲಿಯಲು ಇನ್ನೂ ನಾಲ್ಕು ಜನರನ್ನು ಕೂರಿಸಿದರೆ ಸುಲಿದ ಅಡಿಕೆಯ ರಾಶಿ ಬೆಳೆಯುತ್ತದೆ, ಬೇಯಿಸುವ ಹಂಡೆ ದೊಡ್ಡದಾಗುವುದಿಲ್ಲ. ನಾವು ಮಾಡಿದ್ದು ಇದನ್ನೇ. ಎರಡಿದ್ದ ವೆಬ್ ಸರ್ವರ್‌ಗಳನ್ನು ಐದಕ್ಕೆ ಏರಿಸಿದೆವು. ಪ್ರತಿಯೊಂದೂ ಡೇಟಾಬೇಸ್‌ಗೆ 30 ಸಂಪರ್ಕಗಳವರೆಗೆ ತೆರೆಯುವಂತಿತ್ತು, ಒಟ್ಟು 150. ನಮ್ಮ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ತಾನಾಗಿ ಇಟ್ಟುಕೊಳ್ಳುವ ಮಿತಿ 100. ಎರಡು ಸರ್ವರ್‌ಗಳಿದ್ದಾಗ ನಿಧಾನವಾಗಿಯಾದರೂ ಬರುತ್ತಿದ್ದ ಪುಟ, ಐದಾದ ಮೇಲೆ ದೋಷದ ಸಂದೇಶ ತೋರಿಸತೊಡಗಿತು. ಮಿತಿಯನ್ನು ಸುಮ್ಮನೆ ಏರಿಸುವುದೂ ಮದ್ದಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕವೂ ಬೇರೊಂದು ಪ್ರಕ್ರಿಯೆ, ಪ್ರತಿಯೊಂದೂ ಮೆಮೊರಿ ತಿನ್ನುತ್ತದೆ. ನಡುವೆ ಸಂಪರ್ಕಗಳನ್ನು ಹಂಚಿಕೊಡುವ ಪೂಲರ್ ಇಡುವುದು ಮೇಲು.

ಒಂದೇ ಯಂತ್ರವನ್ನು ದೊಡ್ಡದು ಮಾಡುವುದೋ, ಯಂತ್ರಗಳ ಸಂಖ್ಯೆ ಹೆಚ್ಚಿಸುವುದೋ? ಡೇಟಾಬೇಸ್‌ಗೆ ಮೊದಲನೆಯದೇ ಸುಲಭ. ವೆಬ್ ಸರ್ವರ್‌ಗಳಿಗೆ ಎರಡನೆಯದು. ಆದರೆ ಲಾಗಿನ್ ಆದವರ ಸೆಷನ್ (ಯಾರು ಒಳಗಿದ್ದಾರೆ ಎಂಬ ಗುರುತು) ಆಯಾ ಯಂತ್ರದೊಳಗೇ ಉಳಿಯದಂತೆ ನೋಡಿಕೊಳ್ಳಬೇಕು.

ಎಷ್ಟು ಇರಬೇಕು ಎನ್ನುವಾಗ ಒಂದು ಬಿದ್ದುಹೋದರೆ ಏನಾಗುತ್ತದೆ ಎಂದೂ ಲೆಕ್ಕ ಹಾಕಿ. ಎರಡು ಸರ್ವರ್ ತಲಾ ಶೇಕಡಾ 60ರಲ್ಲಿದ್ದು ಒಂದು ಕೆಟ್ಟರೆ ಉಳಿದದ್ದರ ಮೇಲೆ 120, ಅಂದರೆ ಅದೂ ಬೀಳುತ್ತದೆ. ಮೂರು ಸರ್ವರ್‌ಗಳಿದ್ದು, ಒಂದು ಹೋದಾಗಲೂ 70 ಮೀರಬಾರದು ಎಂದಾದರೆ ಮಾಮೂಲಿ ದಿನ ತಲಾ 46ರ ಆಸುಪಾಸಿನಲ್ಲೇ ಇರಬೇಕು. ಹೊರೆ ನೋಡಿ ತಾನಾಗಿ ಸರ್ವರ್ ಸೇರಿಸುವ ವ್ಯವಸ್ಥೆಯನ್ನು ನಮ್ಮ ಹತ್ತು ನಿಮಿಷಕ್ಕೆ ನಾನು ನೆಚ್ಚುವುದಿಲ್ಲ. ಹೊಸ ಯಂತ್ರ ಎದ್ದು ನಿಲ್ಲಲು ನಿಮಿಷಗಳೇ ಹಿಡಿದರೆ ಅಷ್ಟರಲ್ಲಿ ನೂಕುನುಗ್ಗಲು ಅರ್ಧ ಮುಗಿದಿರುತ್ತದೆ. ಹೊತ್ತು ಮೊದಲೇ ಗೊತ್ತಿರುವಾಗ ಟೆಂಡರ್‌ಗೆ ಅರ್ಧ ಗಂಟೆ ಮುಂಚೆ ಸೇರಿಸಿಟ್ಟರಾಯಿತು.

ಕೊನೆಗೆ ನಮ್ಮ ಪುಟಕ್ಕೆ ಮಾಡಿದ್ದು ಬೇರೆಯೇ. ದರ ಬದಲಾಗುವುದು ದಿನಕ್ಕೊಮ್ಮೆ. ಸಿದ್ಧವಾದ ಪುಟವನ್ನು 30 ಸೆಕೆಂಡ್ ಕ್ಯಾಷ್‌ನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಇಟ್ಟು ಎಲ್ಲರಿಗೂ ಅದನ್ನೇ ಕೊಡುತ್ತೇವೆ. ಆ 30 ಸೆಕೆಂಡಿನಲ್ಲಿ ಬರುವ 6,000 ಕೋರಿಕೆಗಳಿಗೆ ಡೇಟಾಬೇಸ್ ಒಮ್ಮೆ ಉತ್ತರಿಸಿದರೆ ಸಾಕು, ಹಿಂದಿನ ಎರಡೇ ಸರ್ವರ್‌ಗಳಲ್ಲಿ ಪುಟ ಓಡುತ್ತಿದೆ. ಒಂದು ಎಚ್ಚರಿಕೆ ಬೇಕು: ಕ್ಯಾಷ್‌ನ ಅವಧಿ ಮುಗಿದ ಕ್ಷಣ, ಹೊಸ ಪ್ರತಿ ಸಿದ್ಧವಾಗುವ 0.3 ಸೆಕೆಂಡಿನೊಳಗೆ 60 ಕೋರಿಕೆಗಳು ಡೇಟಾಬೇಸ್‌ಗೆ ನುಗ್ಗುತ್ತವೆ, ಅದೇ ಲಿಟಲ್ ಲೆಕ್ಕ. ಅದಕ್ಕೆ ಒಂದನ್ನು ಮಾತ್ರ ಒಳಗೆ ಬಿಟ್ಟು, ಹೊಸ ಪ್ರತಿ ಬರುವವರೆಗೆ ಉಳಿದ 59ಕ್ಕೂ ಹಳೆಯ ಪ್ರತಿಯನ್ನೇ ಕೊಡುವಂತೆ ಮಾಡಿದ್ದೇವೆ.