ನಮ್ಮ ಬೀದಿಗೆ ಹಂಪ್ ಹಾಕಿಸುವುದು ಹೇಗೆ?

ಪ್ರಶ್ನೆ: ನಮ್ಮ ಬೀದಿ ಎರಡು ದೊಡ್ಡ ರಸ್ತೆಗಳಿಗೆ ಅಡ್ಡದಾರಿಯಾಗಿಬಿಟ್ಟಿದೆ. ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೇ ಬೈಕು, ಕಾರುಗಳು ನುಗ್ಗುತ್ತವೆ. ಹಂಪ್ ಹಾಕಿಸಿ ಎಂದು ಯಾರನ್ನು ಕೇಳಬೇಕು? ನಾವೇ ದುಡ್ಡು ಸೇರಿಸಿ ಹಾಕಿಸಿಕೊಂಡರೆ ತಪ್ಪೇ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ, ಬೇಡ. ಮನೆ ಮುಂದಿದ್ದ ಮಾತ್ರಕ್ಕೆ ರಸ್ತೆ ನಮ್ಮದಾಗುವುದಿಲ್ಲ. ನಮ್ಮ ಬೀದಿಯಲ್ಲೂ ಅಂಥದ್ದೊಂದು ಇತ್ತು. ಯಾರೋ ಮನೆ ಕಟ್ಟಿಸುವಾಗ ಮಿಕ್ಕ ಕಾಂಕ್ರೀಟನ್ನು ರಾತ್ರೋರಾತ್ರಿ ಸುರಿದು ದಿಬ್ಬ ಎಬ್ಬಿಸಿದ್ದರು. ಬಣ್ಣವಿಲ್ಲ, ಫಲಕವಿಲ್ಲ. ಅದರ ಮೇಲೆ ಮೊದಲು ಬಿದ್ದದ್ದು ನಸುಕಿನಲ್ಲಿ ಹಾಲು ಹಾಕಲು ಬಂದ ಹುಡುಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಬಿದ್ದವರಿಗೆ ಹೆಚ್ಚುಕಡಿಮೆಯಾದರೆ ದೂರು ಹುಡುಕಿಕೊಂಡು ಬರುವುದು ದಿಬ್ಬ ಹಾಕಿಸಿದವರ ಮನೆಗೇ.

ಹಂಪ್‌ಗೆ ಒಂದು ಅಳತೆ ಇದೆ. ಎಷ್ಟೋ ಸಲ ಹಾಕುವ ಗುತ್ತಿಗೆದಾರರಿಗೇ ಅದು ನೆನಪಿರುವುದಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಐಆರ್‌ಸಿ) ಐಆರ್‌ಸಿ 99 ಮಾರ್ಗಸೂಚಿ 1988ರಲ್ಲೇ ಹೇಳಿದ್ದು: ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಹಿತವಾಗುವಂಥ ಕಮಾನು. ಇದೇ ಅಳತೆಯನ್ನು, ಅಂದರೆ 12 ಅಡಿಗೆ 4 ಇಂಚು, ಬ್ರಿಟನ್ನಿನ ರಸ್ತೆ ಸಂಶೋಧನಾಲಯ 1970ರ ದಶಕದಲ್ಲಿ ಪ್ರಯೋಗ ಮಾಡಿ ಕಂಡುಕೊಂಡಿತ್ತು. ಇಷ್ಟು ಉದ್ದ ಏಕೆ? ಸಣ್ಣ ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸುಮಾರು ಎರಡೂವರೆ ಮೀಟರ್ ಅಂತರ. ಉಬ್ಬು ಅದಕ್ಕಿಂತ ಉದ್ದವಿದ್ದರೆ ಇಡೀ ಗಾಡಿ ಅದರ ಮೇಲೇರಿ ಇಳಿಯುತ್ತದೆ. ನಿಧಾನವಾಗಿ ಹೋದವರಿಗೆ ತೊಂದರೆಯಿಲ್ಲ, ಜೋರಾಗಿ ಬಂದವರಿಗೆ ಸೀಟಿನಿಂದ ಎತ್ತಿ ಕುಕ್ಕಿದಂತಾಗುತ್ತದೆ. ಒಂದಡಿ ಅಗಲದ ದಿಂಡಿನದು ಇದರ ತಿರುವುಮುರುವು. ವೇಗವಾಗಿ ಬಂದ ದೊಡ್ಡ ಕಾರಿನ ಸ್ಪ್ರಿಂಗು ಪೆಟ್ಟನ್ನು ನುಂಗಿಬಿಡುತ್ತದೆ, ಸ್ಕೂಟರಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ಹೆಂಗಸಿನ ಬೆನ್ನುಮೂಳೆ ನುಂಗಲಾರದು. ಪತ್ರಿಕೆಗಳಲ್ಲಿ ದಿನಾ ಓದುವ ‘ಅವೈಜ್ಞಾನಿಕ ಹಂಪ್’ ಇದೇ. ಉಬ್ಬಿಗೆ ಕಪ್ಪು-ಬಿಳಿ ಬಣ್ಣ, 40 ಮೀಟರ್ ಮೊದಲೇ ಎಚ್ಚರಿಕೆ ಫಲಕ, ಇವೂ ಆ ಮಾರ್ಗಸೂಚಿಯಲ್ಲೇ ಇವೆ.

ಇನ್ನು ಯಾರನ್ನು ಕೇಳುವುದು? ರಸ್ತೆ ಯಾರ ಸುಪರ್ದಿಯಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ. ಅಲೆದಾಟ ಅರ್ಧ ತಪ್ಪುತ್ತದೆ. ಹಳ್ಳಿಯ ಒಳರಸ್ತೆಯಾದರೆ ಗ್ರಾಮ ಪಂಚಾಯಿತಿಯ ಪಿಡಿಒ, ಪುರಸಭೆಯಲ್ಲಿ ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತರು, ಮಹಾನಗರ ಪಾಲಿಕೆಯಲ್ಲಿ ನಿಮ್ಮ ವಾರ್ಡಿನ ಎಂಜಿನಿಯರ್. ಬೆಂಗಳೂರಿನವರು ನೆನಪಿಡಿ, 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ, ಐದು ಪಾಲಿಕೆಗಳಿವೆ. ಊರ ನಡುವೆ ಹಾದರೂ ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಯವು. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ ಕೇಳುವುದು ವ್ಯರ್ಥ: ಇದ್ದವನ್ನೂ ತೆಗೆಸಿ ಎಂದು ಕೇಂದ್ರ ಸಚಿವಾಲಯ 2016ರಲ್ಲೇ ಸೂಚಿಸಿದೆ.

ಅರ್ಜಿಯಲ್ಲಿ ‘ಹಂಪ್ ಬೇಕು’ ಎಂದಷ್ಟೇ ಬರೆದರೆ ಅದು ಫೈಲಿನಲ್ಲೇ ಮಲಗುತ್ತದೆ. ಯಾವ ತಿರುವು, ಯಾವ ಹೊತ್ತು, ಎಷ್ಟು ಮಕ್ಕಳು ದಾಟುತ್ತಾರೆ, ಯಾರು ಯಾವಾಗ ಬಿದ್ದರು ಎಂದು ಬರೆಯಿರಿ. ಫೋಟೊ ಅಂಟಿಸಿ, ಅಕ್ಕಪಕ್ಕದವರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಸಂಚಾರ ಠಾಣೆಗೆ ಕೊಡಿ. ಎರಡೂ ಕಡೆ ಸೀಲು ಹಾಕಿಸಿಕೊಳ್ಳಲು ಮರೆಯಬೇಡಿ. ತಿಂಗಳುಗಟ್ಟಲೆ ಸದ್ದಿಲ್ಲದಿದ್ದರೆ ಅರ್ಜಿಯ ಗತಿ ಏನಾಯಿತೆಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಒಂದು ಪ್ರತಿ ಕಳಿಸಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮನ್ನು ಅರ್ಜಿಯಲ್ಲಿ ಹೆಸರಿಸಿದರೂ ತಪ್ಪಿಲ್ಲ. ರಸ್ತೆ ಸುರಕ್ಷತಾ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಹೊಣೆ ಹೊತ್ತ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ ಅದು. ಮೊತ್ತ ಸಣ್ಣದೇ, ಆದರೂ ಓದಿದ ಎಂಜಿನಿಯರ್ ಒಮ್ಮೆ ಜಾಗ ನೋಡಲು ಬಂದಾರು.

ಬಂದವರು ಇಲ್ಲಿ ಹಂಪ್ ಬೇಡ, ಏಕಮುಖ ಸಂಚಾರ ಮಾಡೋಣ ಎಂದರೆ ಜಗಳಕ್ಕಿಳಿಯಬೇಡಿ. ಅಡ್ಡದಾರಿಯ ಕಾಟಕ್ಕೆ ಅದೇ ಒಳ್ಳೆಯ ಮದ್ದು ಎಂದು ನನಗೂ ಅನ್ನಿಸುತ್ತದೆ, ಆಂಬುಲೆನ್ಸಿಗೂ ಅಡ್ಡಿಯಿಲ್ಲ.

ಹಂಪ್ ಹಾಕಿಯೇ ಬಿಟ್ಟರು ಅನ್ನಿ. ಬಣ್ಣ ಒಂದೆರಡು ಮಳೆಗಾಲದಲ್ಲಿ ಮಾಸುತ್ತದೆ, ಮುಂದಿನ ಸಲ ಡಾಂಬರು ಹಾಕುವಾಗ ಹಂಪೇ ಮುಚ್ಚಿಹೋಗಬಹುದು. ಹಳೆಯ ಅರ್ಜಿಯ ಸೀಲು ಬಿದ್ದ ಪ್ರತಿಯನ್ನು ಎಸೆಯಬೇಡಿ.