ಪದ ಪರಿಚಯ: ಶ್ರದ್ಧೆ ಮತ್ತು ಅದರ ಬಳಗ

ಮುಂಬೈಯಲ್ಲಿ ಮರಾಠಿ ಶಾಲೆಗೆ ಹೋಗುವ ಕನ್ನಡದ ಮಗುವಿನ ಪ್ರಗತಿ ಪುಸ್ತಕದಲ್ಲಿ ಟೀಚರು ‘ಕಷ್ಟಾಳು’ ಎಂದು ಬರೆದರೆ, ಊರಿನಿಂದ ಬಂದ ಅಜ್ಜಿಗೆ ಗಾಬರಿಯಾಗಬಹುದು. ಅದು ಹೊಗಳಿಕೆ. ಮರಾಠಿಯಲ್ಲಿ ‘ಕಷ್ಟ’ ಎಂದರೆ ಮೈಮುರಿದು ಮಾಡುವ ದುಡಿಮೆಯೂ ಹೌದು. ‘ಹುಶಾರ್’ ಎಂದು ಬರೆದಿದ್ದರೆ ಮಗು ಜಾಣ ಎಂದರ್ಥ. ನಾವು ಅದೇ ಮಾತನ್ನು ಎಚ್ಚರಿಕೆಗೂ ಜ್ವರ ಬಿಟ್ಟ ಮೈಗೂ ಬಳಸುತ್ತೇವೆ.

ಮನಸ್ಸಿಟ್ಟು ದುಡಿಯುವ ಗುಣಕ್ಕೆ ಕನ್ನಡದಲ್ಲಿ ಹೆಸರು ಹುಡುಕಿದರೆ ಒಂದು ಗಂಟು ಪದಗಳೇ ಸಿಗುತ್ತವೆ: ಶ್ರದ್ಧೆ, ಪರಿಶ್ರಮ, ದುಡಿಮೆ, ಮುತುವರ್ಜಿ, ಆಸ್ಥೆ, ಜತನ, ಕಾಯಕ. ನಿಘಂಟುಗಳು ಒಂದರ ಮುಂದೆ ಇನ್ನೊಂದನ್ನು ಅರ್ಥವೆಂದು ಇಟ್ಟು ಕೈತೊಳೆದುಕೊಳ್ಳುತ್ತವೆ. ಬಳಕೆಯಲ್ಲಿ ಮಾತ್ರ ಇವು ಎರಡು ಪಂಗಡ. ಪರಿಶ್ರಮ, ದುಡಿಮೆ ಮೈಗೆ ಸೇರಿದವು. ಶ್ರದ್ಧೆ, ಮುತುವರ್ಜಿ, ಆಸ್ಥೆ ಗಮನಕ್ಕೆ ಸೇರಿದವು.

ಮಾಟುಂಗದ ಯಾವುದಾದರೂ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಒಬ್ಬ ಬೆಳಗಿನಿಂದ ಹಿಟ್ಟಿನ ಪಾತ್ರೆ ಹೊತ್ತು ಓಡಾಡುತ್ತಾನೆ. ಇನ್ನೊಬ್ಬ ಕಾವಲಿಯ ಮುಂದೆ ನಿಂತವನು. ನೀರು ಚಿಮುಕಿಸಿ, ಅದು ಚುಂಯ್ ಎನ್ನುವ ಸದ್ದಿನಲ್ಲೇ ಕಾವು ಅಳೆದು, ಕಡ್ಡಿಪೊರಕೆಯಿಂದ ಒರೆಸಿ, ಆಮೇಲೆ ಹಿಟ್ಟು ಹುಯ್ಯುತ್ತಾನೆ. ಗಿರಾಕಿಗಳು ಬಾಗಿಲಲ್ಲಿ ಸಾಲುಗಟ್ಟಿದ್ದರೂ ಆ ಒರೆಸುವುದು ತಪ್ಪುವುದಿಲ್ಲ. ಮೊದಲನೆಯವನದು ಶ್ರಮ, ಎರಡನೆಯವನದು ಶ್ರದ್ಧೆ. ಒಬ್ಬನಲ್ಲೇ ಎರಡೂ ಇದ್ದರೆ ಯಜಮಾನರ ಪುಣ್ಯ.

ವಿರುದ್ಧ ಪದಗಳನ್ನು ನೋಡಿದರೆ ಭೇದ ಇನ್ನೂ ನಿಚ್ಚಳ. ಶ್ರಮಕ್ಕೆ ಎದುರು ನಿಲ್ಲುವವನು ಮೈಗಳ್ಳ. ಶ್ರದ್ಧೆಗೆ ಎದುರಾಗಿರುವುದು ಅಸಡ್ಡೆ. ಈ ಅಸಡ್ಡೆ ಬೇರೇನೂ ಅಲ್ಲ, ‘ಅಶ್ರದ್ಧೆ’ಯ ತದ್ಭವ. ಶ್ರದ್ಧೆ ಸಂಸ್ಕೃತದ ಮಡಿಯಲ್ಲೇ ಉಳಿಯಿತು, ಅಶ್ರದ್ಧೆ ಮಾತ್ರ ಮನೆಮಾತಾಗಿ ಸವೆಯಿತು. ಬಹುಶಃ ಅದನ್ನೇ ಹೆಚ್ಚು ಬಾರಿ ಹೇಳಬೇಕಾಗಿ ಬಂದಿರಬೇಕು. ದಿನವಿಡೀ ಬೆವರು ಸುರಿಸುವವನೂ ಅಸಡ್ಡೆಯವನಾಗಿರಬಹುದು.

ಶ್ರದ್ಧೆಯ ಮೂಲ ಅರ್ಥ ನಂಬಿಕೆ. ಭಗವದ್ಗೀತೆಯ 17ನೆಯ ಅಧ್ಯಾಯ ಶ್ರದ್ಧಾತ್ರಯವಿಭಾಗ ಯೋಗ. ಅಲ್ಲಿನ ಶ್ರದ್ಧೆ ನಂಬಿಕೆಯೇ ಹೊರತು ಮೇಜಿನ ಮುಂದೆ ಕುಳಿತು ಓದುವ ಹುಡುಗನ ಗುಣವಲ್ಲ. ‘ಶ್ರಾದ್ಧ’ ಹುಟ್ಟಿದ್ದೂ ಇದರಿಂದಲೇ. ನಂಬಿದ್ದನ್ನು ಮನಸ್ಸಿಟ್ಟು ಮಾಡುತ್ತೇವೆ ಎಂಬ ದಾರಿಯಲ್ಲಿ ಅರ್ಥ ಇತ್ತ ಸರಿದಿದೆ.

ಇನ್ನೆರಡು ಪದಗಳನ್ನು ನಾವು ಕಚೇರಿಗೂ ಕಾರ್ಖಾನೆಗೂ ಬಿಟ್ಟುಕೊಟ್ಟೆವು. ‘ಉದ್ಯೋಗ’, ‘ಉದ್ಯಮ’ ಎರಡಕ್ಕೂ ಸಂಸ್ಕೃತದಲ್ಲಿ ಪ್ರಯತ್ನ, ಮುನ್ನುಗ್ಗಿ ತೊಡಗುವುದು ಎಂಬ ಅರ್ಥವಿದೆ. ಮಹಾಭಾರತದ ಉದ್ಯೋಗಪರ್ವ ಯುದ್ಧದ ಸಿದ್ಧತೆಯ ಪರ್ವ, ಅಲ್ಲಿ ಯಾರೂ ನೌಕರಿ ಹುಡುಕುವುದಿಲ್ಲ. ‘ಉದ್ಯೋಗಂ ಪುರುಷಲಕ್ಷಣಂ’ ಎಂದು ಹುಡುಗರ ತಲೆ ತಿನ್ನುವವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಹಗಲು ಕ್ಯಾಂಟೀನಿನಲ್ಲಿ ದುಡಿದು ಸಂಜೆ ಮುಂಬೈಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಕರಾವಳಿಯ ಹುಡುಗರ ಕುರಿತು ಬರೆಯುವವರು ‘ಕಠಿಣ ಪರಿಶ್ರಮ’ ಎಂದು ಷರಾ ಹಾಕಿ ಮುಗಿಸುತ್ತಾರೆ. ನನಗೆ ಅದು ಅರ್ಧ ಮಾತು, ಅದೂ ಹಿಂದಿಯಿಂದ ಇಳಿಸಿಕೊಂಡದ್ದು. ಪರಿಶ್ರಮ ಎಂದ ಮೇಲೆ ಕಠಿಣ ಅದರಲ್ಲೇ ಇದೆ. ಬೆಂಚಿನ ಮೇಲೆ ತೂಕಡಿಸಿಯೂ ಮರುದಿನ ಮತ್ತೆ ಬರುವುದಕ್ಕೆ ‘ಅಧ್ಯವಸಾಯ’ ಎಂಬ ಪದವಿತ್ತು: ಹಿಡಿದದ್ದನ್ನು ಬಿಡದ ನಿಶ್ಚಯ. ಈಗ ಅದು ಗ್ರಂಥದ ಪದ. ‘ಪಟ್ಟು ಬಿಡದೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಕಾಯಕ ಇವೆಲ್ಲಕ್ಕಿಂತ ಮಿಗಿಲು. ‘ಕಾಯಕವೇ ಕೈಲಾಸ’ ಬಸವಣ್ಣನವರ ಮಾತೆಂದು ಅನೇಕರು ನಂಬಿದ್ದಾರೆ. ಅದು ಬರುವುದು 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಚೆಲ್ಲಿದ ಅಕ್ಕಿ ಆಯ್ದು ತರುವುದು ಆತನ ಕಾಯಕ. ಒಂದು ದಿನ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಮೆಚ್ಚಲಿಲ್ಲ. ಬೇಕಾದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದಳು. ಹೆಚ್ಚು ದುಡಿದವನೇ ಹೆಚ್ಚು ಕಾಯಕಜೀವಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೆಚ್ಚುವರಿ ಪಾಳಿ ಮಾಡಿಸಿಕೊಳ್ಳಲು ಕಾಯಕದ ಹೆಸರೆತ್ತುವ ಧಣಿಗಳಿಗೆ ಲಕ್ಕಮ್ಮನ ನೆನಪಿರುವುದಿಲ್ಲ.

ಇಂಗ್ಲಿಷಿನ ಡಿಲಿಜೆನ್ಸ್ ಕೂಡ ಬೆವರಿನ ಪದವಲ್ಲ. ಅದರ ಲ್ಯಾಟಿನ್ ಮೂಲಕ್ಕೆ ಆರಿಸಿ ಮೆಚ್ಚುವುದು, ಪ್ರೀತಿಸುವುದು ಎಂಬ ಅರ್ಥವಿದೆ. ಬಾಂದ್ರಾ-ಕುರ್ಲಾ ಸಂಕೀರ್ಣದ ಕಚೇರಿಗಳಲ್ಲಿ ಕೇಳಿಸುವ ‘ಡ್ಯೂ ಡಿಲಿಜೆನ್ಸ್’, ಅಂದರೆ ವ್ಯವಹಾರಕ್ಕೆ ಮೊದಲು ಎಲ್ಲವನ್ನೂ ವಿಚಾರಿಸಿ ನೋಡುವುದು, ಎಂಬ ಬಳಕೆಗೆ ಅಮೆರಿಕದ 1933ರ ಷೇರು ಕಾನೂನು ಬಲ ಕೊಟ್ಟಿತು: ಹೂಡಿಕೆದಾರರಿಗೆ ಕೊಟ್ಟ ವಿವರದಲ್ಲಿ ತಪ್ಪಿದ್ದರೂ, ತಕ್ಕಮಟ್ಟಿಗೆ ವಿಚಾರಿಸಿ ನೋಡಿದ್ದೆವು ಎಂದು ರುಜುವಾತು ಮಾಡಿದವರು ಹೊಣೆಯಿಂದ ಪಾರಾಗಬಹುದು. ನಮ್ಮಲ್ಲೂ ಕಂಪನಿ ಷೇರು ಮಾರಾಟಕ್ಕೆ ಇಳಿಯುವಾಗ ಆ ಮಾರಾಟ ನಡೆಸಿಕೊಡುವ ಮರ್ಚೆಂಟ್ ಬ್ಯಾಂಕರು ಹೀಗೆ ವಿಚಾರಿಸಿ ನೋಡಿದ್ದೇವೆ ಎಂಬ ಪ್ರಮಾಣಪತ್ರವನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಗೆ ಕೊಡಬೇಕು. ಕನ್ನಡದಲ್ಲಿ ಇದನ್ನು ‘ಸೂಕ್ತ ಶ್ರದ್ಧೆ’ ಎಂದರೆ ಕರ್ಪೂರದ ವಾಸನೆ ಬರುತ್ತದೆ. ‘ಕೂಲಂಕಷ ಪರಿಶೀಲನೆ’ ಸಾಕು. ಕೂಲ ಎಂದರೆ ದಡ. ದಡ ಉಜ್ಜಿಕೊಂಡು ಹರಿಯುವ ನದಿಗೆ ಕೂಲಂಕಷ ಎಂದು ಹೆಸರು. ಫ್ಲ್ಯಾಟ್ ಕೊಳ್ಳುವ ಮೊದಲು ಸೊಸೈಟಿಯ ಕಾಗದಪತ್ರ, ಹಳೆಯ ಸಾಲ, ಮೇಂಟೆನೆನ್ಸ್ ಬಾಕಿ ನೋಡಿಕೊಳ್ಳುವುದಕ್ಕೂ ಇದೇ ಪದ ಸಲ್ಲುತ್ತದೆ.