ನೋರಿನ್ 10 ಆರಿಸಿದ ಮನುಷ್ಯ

"ಸಾಹೇಬ್ರ, ಬೀಜ ಖೊಟ್ಟಿ ಕೊಟ್ಟಾರ್ರಿ. ಅರ್ಧ ಹೊಲ ಹುಟ್ಟೇ ಇಲ್ಲ."

ನವಲಗುಂದದ ಕಡೆಯ ಒಂದು ಎರೆ ಹೊಲ. ಹಿಂಗಾರಿ ಗೋಧಿ ಬಿತ್ತಿ ಹನ್ನೆರಡು ದಿನ ಕಳೆದಿತ್ತು. ಸಾಲಿನ ಪಕ್ಕ ಕೂತು ಬೆರಳಿನಿಂದಲೇ ಮಣ್ಣು ಬಿಡಿಸಿದೆ. ಐದಾರು ಬೆರಳು ಆಳದಲ್ಲಿ ಬೀಜ ಸಿಕ್ಕಿತು. ಕೊಳೆತಿರಲಿಲ್ಲ, ಬೇರು ಚೆನ್ನಾಗಿ ಇಳಿದಿತ್ತು, ಮೊಳಕೆಯೂ ಮೇಲಕ್ಕೆ ಹೊರಟಿತ್ತು. ಆದರೆ ಅರ್ಧ ದಾರಿಯಲ್ಲಿ ಎಲೆ ಹಾರ್ಮೋನಿಯಂ ತಿದಿಯ ಹಾಗೆ ನೆರಿಗೆಗಟ್ಟಿ, ಹಳದಿಯಾಗಿ, ಮಣ್ಣೊಳಗೇ ಉಳಿದುಬಿಟ್ಟಿತ್ತು.

ಬೀಜದಲ್ಲಿ ದೋಷವಿರಲಿಲ್ಲ. ಆ ವರ್ಷ ಮೇಲ್ಮಣ್ಣಿನ ಹಸಿ ಬೇಗ ಆರಿತ್ತು. ಹಸಿ ಸಿಗಲೆಂದು ರೈತರು ಕೂರಿಗೆಯನ್ನು ಆಳಕ್ಕೆ ಬಿಟ್ಟಿದ್ದರು. ಅವರ ತಂದೆಯವರೂ ಹಾಗೇ ಬಿತ್ತುತ್ತಿದ್ದರು, ಆಗ ಗೋಧಿ ಹುಟ್ಟುತ್ತಿತ್ತು. ಆದರೆ ತಂದೆಯವರು ಬಿತ್ತಿದ್ದು ಎದೆಯೆತ್ತರದ ಹಳೆಯ ತಳಿ, ಇವರು ಬಿತ್ತಿದ್ದು ಗಿಡ್ಡ ತಳಿ. ಗೋಧಿಯ ಮೊಳಕೆಯ ಮೇಲೆ ಒಂದು ತೆಳು ಕೊಳವೆ ಇರುತ್ತದೆ. ಎಳೆ ಎಲೆಗೆ ಮಣ್ಣು ಸೀಳಿ ದಾರಿ ಮಾಡಿಕೊಡುವುದು ಅದೇ. ಗಿಡ್ಡ ತಳಿಗಳಲ್ಲಿ ಕಾಂಡದ ಜೊತೆಗೆ ಈ ಕೊಳವೆಯೂ ಮೋಟು. ಕೊಳವೆ ಮುಗಿದ ಮೇಲೆ ಎಲೆ ಒಂಟಿಯಾಗಿ ಮಣ್ಣಿನ ಜೊತೆ ಗುದ್ದಾಡಬೇಕು, ಗುದ್ದಾಡಿ ಸೋಲುತ್ತದೆ.

ಆ ಮೋಟುತನ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ದಾರಿ ಜಪಾನಿನ ಉತ್ತರಕ್ಕೆ, ಹಿಮ ಬೀಳುವ ಇವಾತೆ ಪ್ರಾಂತ್ಯದ ಒಂದು ಕೃಷಿ ಸಂಶೋಧನಾ ಕೇಂದ್ರಕ್ಕೆ ಮುಟ್ಟುತ್ತದೆ. ಅಲ್ಲಿದ್ದವರು ಗೊಂಜಿರೊ ಇನಾಜುಕಾ, ನೋರಿನ್ 10 ಎಂಬ ಗಿಡ್ಡ ಗೋಧಿ ತಳಿಯನ್ನು ಆರಿಸಿದ ಮನುಷ್ಯ. ಅವರ ಹೆಸರನ್ನು ನಮ್ಮ ಕೃಷಿ ವಿದ್ಯಾರ್ಥಿಗಳಲ್ಲೇ ಬಹಳ ಮಂದಿ ಕೇಳಿಲ್ಲ. ನನಗೆ ಅದು ನೋವಿನ ಸಂಗತಿ.

ಇನಾಜುಕಾ ಹುಟ್ಟಿದ್ದು 1897ರಲ್ಲಿ, ತೊಯಾಮಾ ಪ್ರಾಂತ್ಯದಲ್ಲಿ. ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಕೃಷಿ ಓದಿ ಸರ್ಕಾರದ ಸಂಶೋಧನಾ ಕೆಲಸಕ್ಕೆ ಸೇರಿದರು. ಮೊದಲು ಭತ್ತ, ಆಮೇಲೆ ಗೋಧಿ. ಅವರ ಕೈಗೆ ಬಂದ ಗೋಧಿಯ ಹಿಂದೆ ಆಗಲೇ ಒಂದು ಕತೆಯಿತ್ತು. ಜಪಾನಿನ ರೈತರ ಬಳಿ ಕುಳ್ಳ ಗೋಧಿ ಬಹಳ ಹಿಂದಿನಿಂದಲೂ ಇತ್ತು. 1870ರ ದಶಕದಲ್ಲಿ ಸಲಹೆಗಾರನಾಗಿ ಹೋಗಿದ್ದ ಅಮೆರಿಕದ ಹೊರೇಸ್ ಕ್ಯಾಪ್ರನ್ ಅದನ್ನು ಕಂಡು, ಎಷ್ಟು ಗೊಬ್ಬರ ಹಾಕಿದರೂ ಇದರ ಕಾಂಡ ಎರಡು ಅಡಿ ದಾಟುವುದಿಲ್ಲ ಎಂದು ಅಚ್ಚರಿಯಿಂದ ಬರೆದಿದ್ದ. ಅಂಥ ಕುಳ್ಳ ತಳಿಗಳಲ್ಲೊಂದರ ಹೆಸರು ದಾರುಮಾ. ಜಪಾನಿನಲ್ಲಿ ದಾರುಮಾ ಎಂದರೆ ಒಂದು ಗೊಂಬೆಯೂ ಹೌದು: ತಳಭಾರದ ಗುಂಡು ಗೊಂಬೆ, ಎಷ್ಟು ಸಲ ಕೆಡವಿದರೂ ತಾನಾಗಿ ಎದ್ದು ನಿಲ್ಲುತ್ತದೆ. ಅದು ನಮ್ಮ ದಕ್ಷಿಣದಿಂದಲೇ ಹೋದನೆಂದು ಹೇಳುವ ಬೋಧಿಧರ್ಮನ ರೂಪ.

1917ರಲ್ಲಿ ದಾರುಮಾವನ್ನು ಅಮೆರಿಕದ ಫುಲ್ಟ್ಜ್ ಎಂಬ ತಳಿಯೊಂದಿಗೆ ಕೂಡಿಸಿದರು. ಇಪ್ಪತ್ತರ ದಶಕದ ನಡುವೆ ಅದರ ಪೀಳಿಗೆಯನ್ನು ಟರ್ಕಿ ರೆಡ್ ಜೊತೆ ಮತ್ತೆ ಕೂಡಿಸಿದರು. ಟರ್ಕಿ ರೆಡ್ ಎಂದರೆ ಕ್ರಿಮಿಯಾ ಕಡೆಯ ವಲಸೆಗಾರರು ಅಮೆರಿಕದ ಕ್ಯಾನ್ಸಸ್‌ಗೆ ಒಯ್ದಿದ್ದ ಗೋಧಿ. ಈ ಸಂಕರಣಗಳು ನಡೆದದ್ದು ಬೇರೆ ಕೇಂದ್ರಗಳಲ್ಲಿ. ಹಾಗಾದರೆ ಇನಾಜುಕಾ ಮಾಡಿದ್ದೇನು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅವರನ್ನು ಪ್ಲಾಟಿಗೆ ಕರೆದುಕೊಂಡು ಹೋಗಿ ಉತ್ತರ ಹೇಳುತ್ತೇನೆ.

ಸಂಕರಣವೆಂದರೆ ಹೀಗೆ. ತೆನೆ ಎಲೆಯ ಒರೆಯಿಂದ ಹೊರಬರುತ್ತಿರುವಾಗಲೇ ಒಂದೊಂದು ಹೂವಿನ ಹೊಟ್ಟನ್ನು ತುಸು ಬಿಡಿಸಿ, ಚಿಮಟದಿಂದ ಮೂರು ಪರಾಗಕೋಶಗಳನ್ನೂ ಎತ್ತಿ ತೆಗೆಯಬೇಕು. ಅವು ಇನ್ನೂ ಹಸಿರಾಗಿರಬೇಕು. ಹಳದಿಗೆ ತಿರುಗಿದ್ದರೆ ತಡವಾಯಿತು, ಹೂವು ತನಗೆ ತಾನೇ ಪರಾಗ ಕೊಟ್ಟುಕೊಂಡಿರುತ್ತದೆ. ತೆನೆಗೆ ಬಟರ್ ಪೇಪರ್ ಚೀಲ ತೊಡಿಸಿ, ಎರಡು ಮೂರು ದಿನ ಬಿಟ್ಟು ತಂದೆ ಗಿಡದ ಪರಾಗ ಉದುರಿಸಬೇಕು. ನಾಜೂಕಿನ ಕೆಲಸ ನಿಜ, ಆದರೆ ಒಂದು ಹಂಗಾಮಿನಲ್ಲಿ ಕೈಗೆ ಬರುತ್ತದೆ. ಅಲ್ಲಿಂದ ಮುಂದಿನದೇ ತಳಿಗಾರನ ನಿಜವಾದ ಕೆಲಸ. ಎರಡನೇ ಪೀಳಿಗೆಯಲ್ಲಿ ಉದ್ದ, ಮೋಟು, ತಡ, ಬೇಗ, ಎಲ್ಲ ಗುಣಗಳೂ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಗಿಡ್ಡತನ ತರುವ ಎರಡು ಜೀನ್‌ಗಳೂ ಜೋಡಿಜೋಡಿಯಾಗಿ ಕೂಡಿಬರುವುದು ಹದಿನಾರು ಗಿಡಗಳಲ್ಲಿ ಒಂದರಲ್ಲಿ. ಅದರಲ್ಲೂ ಬೇಗ ಮಾಗುವುದು ಬೇಕು, ಕಾಳು ತುಂಬಿರಬೇಕು. ಜಪಾನಿನಲ್ಲಿ ಗೋಧಿ ಮಾಗುವ ಹೊತ್ತಿಗೇ ಜಿಟಿಜಿಟಿ ಮಳೆಗಾಲ ಹತ್ತಿರ ಬರುವುದರಿಂದ ತಡವಾದ ಬೆಳೆ ಕೈಗೆ ದಕ್ಕುವುದಿಲ್ಲ.

ಜೀನಿನ ಹೆಸರು, ಗುರುತು ಏನೂ ತಿಳಿಯದ ಕಾಲದಲ್ಲಿ, ಇವಾತೆಯ ಚಳಿಯಲ್ಲಿ, ಪೀಳಿಗೆಯಿಂದ ಪೀಳಿಗೆಗೆ ಬರೀ ಕಣ್ಣಿನಿಂದ ಅಳೆದು, ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಉಳಿಸಿಕೊಂಡವರು ಇನಾಜುಕಾ. 1935ರಲ್ಲಿ ಅದು ನೋರಿನ್ 10 ಎಂದು ನೋಂದಣಿಯಾಯಿತು. ನೋರಿನ್ ಎಂದರೆ ಕೃಷಿ ಮತ್ತು ಅರಣ್ಯ. ಸರ್ಕಾರಿ ಹೆಸರು, ಸರಣಿ ಸಂಖ್ಯೆ, ಅಷ್ಟೇ. ಮುಂದೆ ಇನಾಜುಕಾ ಚೀನಾದಲ್ಲಿ ಕೆಲಸ ಮಾಡಿ, ಯುದ್ಧ ಮುಗಿದ ಮೇಲೆ ತಾಯ್ನಾಡಿಗೆ ಮರಳಿದರು.

ಅದೇ 1935ರಲ್ಲಿ ಜಪಾನಿನಲ್ಲೇ ಇನ್ನೊಂದು ಕೆಲಸ ನಡೆದಿತ್ತು. ಭತ್ತದ ಸಸಿ ವಿಪರೀತ ಉದ್ದ ಬೆಳೆದು ಸೊರಗಿ ಬೀಳುವ ಒಂದು ರೋಗವಿದೆ. ಶಿಲೀಂಧ್ರವೊಂದು ಸ್ರವಿಸುವ ರಾಸಾಯನಿಕವೇ ಅದಕ್ಕೆ ಕಾರಣವೆಂದು ಎಯಿಚಿ ಕುರೊಸಾವಾ 1926ರಲ್ಲಿ ತೋರಿಸಿದ್ದರು. ತೈಜಿರೊ ಯಬುತಾ 1935ರಲ್ಲಿ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಗೊನೆಗೆ ಬಳಸುವ 'ಜಿಎ' ಇದೇ. ಗಿಡಗಳು ತಮ್ಮೊಳಗೂ ಇದನ್ನು ತಯಾರಿಸಿಕೊಳ್ಳುತ್ತವೆ. ಬೆಳವಣಿಗೆಗೆ ಬ್ರೇಕ್ ಹಾಕಿ ಕೂತಿರುವ ಒಂದು ಪ್ರೋಟೀನನ್ನು ಜಿಬ್ಬರೆಲಿನ್ ಪಕ್ಕಕ್ಕೆ ಸರಿಸುತ್ತದೆ, ಕಾಂಡ ಉದ್ದವಾಗುತ್ತದೆ. ನೋರಿನ್ 10ರ ಜೀನ್‌ಗಳಲ್ಲಿ ಆ ಬ್ರೇಕ್ ಸಡಿಲವಾಗುವುದೇ ಇಲ್ಲ. ಇದು 1999ರಲ್ಲಿ ಖಚಿತವಾಯಿತು. ಒಂದು ಕಡೆ ಬೆಳೆಸುವ ರಾಸಾಯನಿಕ, ಇನ್ನೊಂದು ಕಡೆ ಆ ರಾಸಾಯನಿಕದ ಮಾತು ಕೇಳದ ಗಿಡ. ಎರಡಕ್ಕೂ ಒಂದೇ ದೇಶದಲ್ಲಿ, ಒಂದೇ ವರ್ಷ ಹೆಸರು ಬಂತು. ಒಂದಕ್ಕೊಂದು ಸಂಬಂಧವಿದೆಯೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಇದನ್ನು ಟ್ರೇಯಲ್ಲೇ ನೋಡಬಹುದು. ಸಸಿಗಳಿಗೆ ಜಿಬ್ಬರೆಲಿನ್ ಕೊಟ್ಟರೆ ಉದ್ದ ತಳಿಗಳು ಕೆಲವೇ ದಿನಗಳಲ್ಲಿ ಜಗ್ಗಿದ ಹಾಗೆ ಬೆಳೆಯುತ್ತವೆ, ಗಿಡ್ಡ ತಳಿಗಳು ಇದ್ದಷ್ಟೇ ಇರುತ್ತವೆ.

ಕಾಂಡಕ್ಕೆ ಹೋಗಬೇಕಾದ ಆಹಾರ ಕಾಳಿಗೆ ಹೋಯಿತು. ಅದಕ್ಕಿಂತ ಮುಖ್ಯವಾಗಿ, ಯೂರಿಯಾ ಕೊಟ್ಟರೂ ಗಿಡ ಮಲಗಲಿಲ್ಲ. ಹಳೆಯ ಉದ್ದ ಗೋಧಿಗೆ ಗೊಬ್ಬರ ಕೊಟ್ಟರೆ ತೆನೆಯ ಭಾರಕ್ಕೆ ಇಡೀ ಹೊಲ ನೆಲಕಚ್ಚುತ್ತಿತ್ತು. ಮುಂದೆ ಆದದ್ದೆಲ್ಲ ಈ ಒಂದು ಗುಣದಿಂದ. 1946ರಲ್ಲಿ ಅಮೆರಿಕದ ಸ್ಯಾಮನ್ ಎಂಬ ಕೃಷಿ ವಿಜ್ಞಾನಿ ಇವಾತೆಯ ಮೊರಿಯೊಕಾ ನಗರದಲ್ಲಿ ನೋರಿನ್ 10 ನೋಡಿ, ಅದೂ ಸೇರಿ 16 ತಳಿಗಳ ಬೀಜ ಒಯ್ದ. ವಾಷಿಂಗ್ಟನ್ ರಾಜ್ಯದ ತಳಿಗಾರ ಆರ್ವಿಲ್ ವೋಗೆಲ್ ಅದನ್ನು ಬ್ರೆವರ್ ಎಂಬ ತಳಿಯೊಂದಿಗೆ ಕೂಡಿಸಿದ. ಆ ಬೀಜ ಮೆಕ್ಸಿಕೊದಲ್ಲಿದ್ದ ಗೋಧಿ ತಳಿಗಾರ ನಾರ್ಮನ್ ಬೋರ್ಲಾಗ್ ಕೈ ಸೇರಿತು. ಮೊದಲ ಪ್ರಯತ್ನದ ಗಿಡಗಳು ತುಕ್ಕು ರೋಗಕ್ಕೆ ಹೋದವು, ಆತ ಮತ್ತೆ ಶುರು ಮಾಡಿದ. 1963ರಲ್ಲಿ ಬೋರ್ಲಾಗ್ ಭಾರತಕ್ಕೆ ಬಂದ. 1966ರಲ್ಲಿ ಮೆಕ್ಸಿಕೊದ ಗಿಡ್ಡ ಗೋಧಿಯ 18,000 ಟನ್ ಬೀಜ ಹಡಗಿನಲ್ಲಿ ಬಂತು. 1964-65ರಲ್ಲಿ 1 ಕೋಟಿ 20 ಲಕ್ಷ ಟನ್ ಆಸುಪಾಸು ಇದ್ದ ನಮ್ಮ ಗೋಧಿ ಉತ್ಪಾದನೆ 1967-68ರಲ್ಲಿ 1 ಕೋಟಿ 65 ಲಕ್ಷ ಟನ್ ದಾಟಿತು. 1970ರಲ್ಲಿ ಬೋರ್ಲಾಗ್‌ಗೆ ನೊಬೆಲ್ ಬಂತು. ಅದು ಸಲ್ಲಬೇಕಾದ ಗೌರವವೇ.

ಧಾರವಾಡದ ನಮಗೆ ಇದರಲ್ಲಿ ಒಂದು ಬೇರೆ ಪಾಠವಿದೆ. ಚಪಾತಿಯ ಗೋಧಿಯಲ್ಲಿ ಎ, ಬಿ, ಡಿ ಎಂಬ ಮೂರು ಜೀನ್ ಕಟ್ಟುಗಳು, ಅಂದರೆ ಜೀನೋಮ್‌ಗಳಿವೆ. ನೋರಿನ್ 10ರ ಎರಡು ಜೀನ್‌ಗಳಲ್ಲಿ ಒಂದು ಬಿಯಲ್ಲಿ, ಇನ್ನೊಂದು ಡಿಯಲ್ಲಿ. ನಮ್ಮ ರವೆಯ ಡ್ಯೂರಮ್ ಗೋಧಿ, ಹುಗ್ಗಿಯ ಸದಕ ಗೋಧಿ, ಎರಡರಲ್ಲೂ ಡಿ ಇಲ್ಲವೇ ಇಲ್ಲ. ಹಾಗಾಗಿ ಅವುಗಳಿಗೆ ಇನಾಜುಕಾ ಅವರ ಎರಡು ಜೀನ್‌ಗಳಲ್ಲಿ ಒಂದು ಮಾತ್ರ ದಕ್ಕಬಹುದು. ಡಿಡಿಕೆ 1025, ಡಿಡಿಕೆ 1029ರಂಥ ಗಿಡ್ಡ ಸದಕ ತಳಿಗಳು ಇಲ್ಲಿಯೇ ರೂಪುಗೊಂಡವು. ನೀರಾವರಿ ಇದ್ದವರಿಗೆ ಅವು ಒಳ್ಳೆಯ ತಳಿಗಳು.

ಮಳೆಯನ್ನೇ ನಂಬಿದ ಎರೆ ಹೊಲಕ್ಕೆ ನನ್ನ ಸಲಹೆ ಬೇರೆ. ಗಿಡ್ಡ ತಳಿಯಾದರೆ ಐದು ಸೆಂಟಿಮೀಟರ್‌ಗಿಂತ ಆಳಕ್ಕೆ ಹೋಗಬೇಡಿ. ಹಸಿ ಅದಕ್ಕಿಂತ ಕೆಳಗಿದ್ದರೆ ಬಿಜಗ ಯೆಲ್ಲೊದಂಥ ಉದ್ದ ತಳಿಯೇ ವಾಸಿ. ಮೊಳಕೆಯ ಕೊಳವೆಯನ್ನು ಮೋಟು ಮಾಡದ ಬೇರೆ ಗಿಡ್ಡ ಜೀನ್‌ಗಳೂ ಇವೆ. ಅವುಗಳಲ್ಲೊಂದು ಅಕಾಕೊಮುಗಿ ಎಂಬ ಇನ್ನೊಂದು ಜಪಾನಿ ಗೋಧಿಯದು. ಇಟಲಿಯ ತಳಿಗಾರ ಸ್ಟ್ರಾಂಪೆಲಿ ಅದನ್ನು ಬಹಳ ಹಿಂದೆಯೇ ಬಳಸಿದ್ದರು. ಒಣಬೇಸಾಯಕ್ಕೆ ನಾವು ಹುಡುಕಬೇಕಾದ್ದು ಆ ದಿಕ್ಕಿನಲ್ಲಿ ಎಂದು ನನ್ನ ನಂಬಿಕೆ. ನವಲಗುಂದದ ಆ ರೈತರು ಮರುವರ್ಷ ಕೂರಿಗೆ ಮೇಲಕ್ಕೆತ್ತಿ ಬಿತ್ತಿದರು, ಹೊಲ ಪೂರ್ತಿ ಹುಟ್ಟಿತು.

ಇನಾಜುಕಾ 1988ರಲ್ಲಿ ತೀರಿಕೊಂಡರು. ಹಸಿರು ಕ್ರಾಂತಿಯ ಕಾಲದ ನಮ್ಮ ಸೋನಾಲಿಕಾ ಗೋಧಿಯ ವಂಶಾವಳಿ ನೋಡಿದರೆ ನಡುವೆ 'ಎನ್10ಬಿ' ಎಂದು ಇರುತ್ತದೆ. ನೋರಿನ್ 10, ಬ್ರೆವರ್ ಎಂಬುದರ ಸಂಕ್ಷೇಪ. ತಳಿ ಅಭಿವೃದ್ಧಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಮೊದಲ ವಾರ ಆ ವಂಶಾವಳಿಯನ್ನು ಕೈಯಲ್ಲೇ ಬರೆಯಿಸುತ್ತೇನೆ. 'ಎನ್10ಬಿ' ಬಂದ ಕಡೆ ನಿಲ್ಲಿಸಿ, ಪಕ್ಕದ ಜಾಗದಲ್ಲಿ ಪೆನ್ಸಿಲ್ಲಿನಿಂದ ಹೀಗೆ ಬರೆದುಕೊಳ್ಳಲು ಹೇಳುತ್ತೇನೆ: ಗೊಂಜಿರೊ ಇನಾಜುಕಾ, ಇವಾತೆ, 1935.